ಟಿ-ರೆಗ್ ಕೋಶಗಳು ಮತ್ತು ಕ್ಯಾನ್ಸರ್: ಪದೇ ಪದೇ ಕೇಳುವ ಪ್ರಶ್ನೆಗಳು

2025ರ ಅಕ್ಟೋಬರ್‌ನಲ್ಲಿ ವೈದ್ಯಕೀಯ ನೊಬೆಲ್ ಘೋಷಣೆಯಾದಾಗ ಟಿ-ರೆಗ್ ಅನ್ನುವ ಪದ ಪೇಪರ್‌ನಲ್ಲಿ, ಟಿವಿಯಲ್ಲಿ ಒಂದೆರಡು ದಿನ ಓಡಾಡಿತು. ಆಮೇಲೆ ಪ್ರಶ್ನೆಗಳು ಶುರುವಾದವು. ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಇರುವವರು ಕೇಳುವ ಪ್ರಶ್ನೆಗಳೇ ಇಲ್ಲಿ ಜಾಸ್ತಿ. ಕೆಲವಕ್ಕೆ ಎರಡು ಸಾಲು ಸಾಕು, ಕೆಲವಕ್ಕೆ ಕಥೆಯನ್ನೇ ಹೇಳಬೇಕು.

ಟಿ-ರೆಗ್ ಅಂದರೆ ಏನು?

ರಕ್ತದಲ್ಲಿ ಬಿಳಿ ರಕ್ತಕಣಗಳು ಇರುತ್ತವೆ, ಗೊತ್ತೇ ಇದೆ. ಅದರಲ್ಲಿ ಟಿ ಕೋಶ ಅನ್ನುವುದು ಒಂದು ಪಂಗಡ. ಟಿ ಕೋಶಗಳಲ್ಲಿ ಕೆಲವು ವೈರಸ್ ಹೊಕ್ಕ ಕೋಶವನ್ನೋ ಕ್ಯಾನ್ಸರ್ ಕೋಶವನ್ನೋ ನೇರವಾಗಿ ಕೊಲ್ಲುತ್ತವೆ. ಕೆಲವು ಆ ಕೊಲ್ಲುವವರಿಗೆ ಸಹಾಯ ಮಾಡುತ್ತವೆ. ಇನ್ನೊಂದು ಸಣ್ಣ ಗುಂಪಿನ ಕೆಲಸ ಇದಕ್ಕೆ ಪೂರ್ತಿ ಉಲ್ಟಾ: "ಸಾಕು ಬಿಡ್ರಪ್ಪಾ" ಅಂತ ಉಳಿದವರನ್ನು ಸುಮ್ಮನಾಗಿಸುವುದು. ಅವೇ ರೆಗ್ಯುಲೇಟರಿ ಟಿ ಕೋಶಗಳು, ಚಿಕ್ಕದಾಗಿ ಟಿ-ರೆಗ್. ಸಿಡಿ4 ಅನ್ನುವ ಗುರುತಿರುವ ಟಿ ಕೋಶಗಳನ್ನು ರಕ್ತದಲ್ಲಿ ಎಣಿಸಿದರೆ ನೂರಕ್ಕೆ 5ರಿಂದ 10 ಮಾತ್ರ ಇವು. ನಿಯಂತ್ರಕ ಟಿ ಕೋಶ ಅಂತಲೂ ಬರೆಯಬಹುದು, ಆದರೆ ಟಿ-ರೆಗ್ ಅಂದರೆ ಬಾಯಿಗೆ ಸುಲಭ.

ರೋಗನಿರೋಧಕ ಶಕ್ತಿ ಅಂದರೆ ಒಳ್ಳೆಯದೇ ಅಲ್ವಾ, ಅದಕ್ಕೆ ಬ್ರೇಕ್ ಯಾಕೆ?

ಒಳ್ಳೆಯದೇ, ಹದದಲ್ಲಿ ಇದ್ದರೆ. ಟಿ ಕೋಶಗಳಿಗೆ ತರಬೇತಿ ಸಿಗುವುದು ಎದೆಮೂಳೆಯ ಹಿಂದೆ ಇರುವ ಥೈಮಸ್ ಗ್ರಂಥಿಯಲ್ಲಿ. ನಮ್ಮದೇ ದೇಹದ ಮೇಲೆ ಕೈ ಮಾಡುವ ಕೋಶಗಳನ್ನು ಅಲ್ಲೇ ಸಾಯಿಸಿಬಿಡುತ್ತದೆ. ಆದರೆ ಜರಡಿ ಎಷ್ಟೇ ಸಣ್ಣದಿದ್ದರೂ ಒಂದಷ್ಟು ತಪ್ಪಿಸಿಕೊಂಡು ಹೊರಗೆ ಬರುತ್ತವೆ. ಅವುಗಳನ್ನು ಹಿಡಿತದಲ್ಲಿ ಇಡುವುದು ಟಿ-ರೆಗ್ ಕೆಲಸ.

ಬ್ರೇಕ್ ಇಲ್ಲದಿದ್ದರೆ ಏನಾಗುತ್ತದೆ ಅಂತ ಊಹೆ ಮಾಡಬೇಕಾಗಿಲ್ಲ. ಐಪೆಕ್ಸ್ ಅನ್ನುವ ಅಪರೂಪದ ಕಾಯಿಲೆ ಇದೆ, ಗಂಡುಮಕ್ಕಳಿಗೆ ಬರುತ್ತದೆ. ಅವರಲ್ಲಿ ಟಿ-ರೆಗ್ ಕೆಲಸ ಮಾಡುವುದಿಲ್ಲ. ಹುಟ್ಟಿ ಕೆಲವೇ ತಿಂಗಳಲ್ಲಿ ನಿಲ್ಲದ ಭೇದಿ, ಮೈಮೇಲೆ ಇಸುಬು, ಹಾಲು ಕುಡಿಯುವ ವಯಸ್ಸಿಗೇ ಸಕ್ಕರೆ ಕಾಯಿಲೆ. ಮೂಳೆಮಜ್ಜೆ ಕಸಿ ಮಾಡದಿದ್ದರೆ ಉಳಿಯುವುದು ಕಷ್ಟ. ಆ ಮಗುವಿಗೆ "ಇಮ್ಯುನಿಟಿ ಕಡಿಮೆ" ಅನ್ನುವ ತೊಂದರೆ ಇಲ್ಲ, ತಡೆಯುವವರಿಲ್ಲದ ಇಮ್ಯುನಿಟಿಯೇ ತೊಂದರೆ. ಇದನ್ನು ನೆನಪಿಟ್ಟುಕೊಳ್ಳಿ, ಕಷಾಯದ ಪ್ರಶ್ನೆ ಬಂದಾಗ ಬೇಕಾಗುತ್ತದೆ.

ಸರಿ, ಕ್ಯಾನ್ಸರ್ ಇಲ್ಲಿ ಎಲ್ಲಿಂದ ಬಂತು?

ಕ್ಯಾನ್ಸರ್ ಕೋಶ ಹೊರಗಿಂದ ಬಂದದ್ದಲ್ಲ, ನಮ್ಮದೇ ಕೋಶ ಕೆಟ್ಟು ಹೋದದ್ದು. ಹಾಗಾಗಿ ಅದರ ಮುಖ ಮುಕ್ಕಾಲು ಪಾಲು ಮನೆಯವರದ್ದೇ. ಒಂದಿಷ್ಟು ಗುರುತು ಬದಲಾಗಿರುತ್ತದೆ, ಅದನ್ನು ನೋಡಿ ಟಿ ಕೋಶಗಳು ಮೇಲೆ ಬೀಳುತ್ತವೆ. ಆಗ ಟಿ-ರೆಗ್ ಬಂದು, ಇದು ನಮ್ಮವರೇ, ಬಿಡಿ ಅನ್ನುತ್ತದೆ. ಜಾತ್ರೆಯಲ್ಲಿ ಕಳ್ಳನನ್ನು ಹಿಡಿದು ನಾಲ್ಕು ಬಿಗಿಯುವಾಗ ಊರ ಹಿರಿಯರು ನಡುವೆ ಬಂದು ಬಿಡಿಸಿದ ಹಾಗೆ. ಹಿರಿಯರು ಕೆಟ್ಟವರಲ್ಲ, ದಿನವೂ ಮಾಡುವ ಕೆಲಸವನ್ನೇ ಮಾಡಿದರು. ಕಳ್ಳ ಮಾತ್ರ ಅವರ ಬೆನ್ನ ಹಿಂದೆ ಆರಾಮಾಗಿ ನಿಂತ.

ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ, ಈ ಕಳ್ಳ ಹಿರಿಯರನ್ನು ತಾನೇ ಕರೆಸಿಕೊಳ್ಳುತ್ತಾನೆ. ಗಡ್ಡೆಯಿಂದ ಸಿಸಿಎಲ್22 ಅನ್ನುವ ರಾಸಾಯನಿಕ ಹೊರಗೆ ಹರಿಯುತ್ತದೆ. ಟಿ-ರೆಗ್ ಅದರ ವಾಸನೆ ಹಿಡಿದು ಗಡ್ಡೆಯ ಒಳಗೆ ಬಂದು ಸೇರುತ್ತವೆ. ರಕ್ತದಲ್ಲಿ ಬೆರಳೆಣಿಕೆಯಷ್ಟು ಇದ್ದವು ಕೆಲವು ಗಡ್ಡೆಗಳಲ್ಲಿ ಸಿಡಿ4 ಕೋಶಗಳ ಕಾಲು ಭಾಗ, ಅದಕ್ಕೂ ಮೇಲೆ ಆಗಿಬಿಡುತ್ತವೆ.

ಉಳಿದ ಕೋಶಗಳನ್ನು ಇವು ಸುಮ್ಮನಾಗಿಸುವುದು ಹೇಗೆ?

ಒಂದೇ ದಾರಿ ಆಗಿದ್ದರೆ ಔಷಧಿ ಹುಡುಕುವುದು ಎಷ್ಟೋ ಸುಲಭವಾಗುತ್ತಿತ್ತು. ದಾರಿಗಳು ಬೇಕಾದಷ್ಟಿವೆ.

ಮೊದಲನೆಯದು ಊಟ ಕಸಿಯುವುದು. ಟಿ ಕೋಶಗಳು ಹೆಚ್ಚಬೇಕಾದರೆ ಇಂಟರ್‌ಲ್ಯೂಕಿನ್-2 ಬೇಕು. ಟಿ-ರೆಗ್ ಇದನ್ನು ತಾನು ತಯಾರಿಸುವುದಿಲ್ಲ, ಆದರೆ ಅದನ್ನು ಹೀರುವ ಬಾಯಿ, ಅಂದರೆ ಸಿಡಿ25 ಅನ್ನುವ ಪ್ರೋಟೀನು, ಅದರ ಮೈತುಂಬ ಇದೆ. ಪಂಕ್ತಿಯಲ್ಲಿ ಬಡಿಸುವ ಮೊದಲೇ ಪಾತ್ರೆ ಖಾಲಿ.

ಎರಡನೆಯದು ನನಗೆ ತುಂಬಾ ಇಷ್ಟವಾದದ್ದು, ಸ್ವಲ್ಪ ಕಳ್ಳತನದ ಹಾಗೆ. ಶತ್ರುವಿನ ತುಣುಕನ್ನು ಟಿ ಕೋಶಕ್ಕೆ ತೋರಿಸಿ "ಇವನೇ ನೋಡು" ಅಂತ ಹೇಳಿಕೊಡುವ ಡೆಂಡ್ರಿಟಿಕ್ ಕೋಶಗಳು ಇವೆ. ಹಾಗೆ ಹೇಳಿಕೊಡುವಾಗ ಅವುಗಳ ಮೈಮೇಲೆ ಸಿಡಿ80, ಸಿಡಿ86 ಅನ್ನುವ ಎರಡು ಪ್ರೋಟೀನು ಇರಲೇಬೇಕು. ಟಿ-ರೆಗ್ ಬಂದು ತನ್ನ ಸಿಟಿಎಲ್ಎ-4 ಅನ್ನುವ ಕೈಯಿಂದ ಆ ಪ್ರೋಟೀನುಗಳನ್ನು ಕಿತ್ತು ನುಂಗಿಬಿಡುತ್ತದೆ! ಇದು ಗೊತ್ತಾದದ್ದು 2011ರಲ್ಲಿ. ಡೆಂಡ್ರಿಟಿಕ್ ಕೋಶ ಅಲ್ಲೇ ಇರುತ್ತದೆ, ತೋರಿಸುತ್ತಲೂ ಇರುತ್ತದೆ, ಆದರೆ ಅದರ ಮಾತಿಗೆ ಬೆಲೆ ಇಲ್ಲ.

ಇವಲ್ಲದೆ ಇಂಟರ್‌ಲ್ಯೂಕಿನ್-10, ಟಿಜಿಎಫ್-ಬೀಟಾ ತರಹದ ಶಮನಕಾರಿ ರಾಸಾಯನಿಕಗಳನ್ನು ಸುರಿಸುತ್ತವೆ, ಸುತ್ತಲೂ ಅಡಿನೋಸಿನ್ ತಯಾರಾಗುವ ಹಾಗೆ ಮಾಡುತ್ತವೆ. ಅದೂ ಟಿ ಕೋಶಗಳಿಗೆ ಜೋಮು ಹಿಡಿಸುತ್ತದೆ.

ಇನ್ನು ಗಡ್ಡೆಯೊಳಗಿನ ವಾತಾವರಣ. ಕ್ಯಾನ್ಸರ್ ಕೋಶಗಳು ಸಕ್ಕರೆಯನ್ನು ಗಬಗಬ ತಿಂದು ಲ್ಯಾಕ್ಟಿಕ್ ಆಮ್ಲ ಹೊರಗೆ ಹಾಕುತ್ತವೆ. ಆ ಹುಳಿಯಲ್ಲಿ ಕೊಲ್ಲುವ ಟಿ ಕೋಶಗಳು ಸೊರಗುತ್ತವೆ. ಟಿ-ರೆಗ್ ಮಾತ್ರ ಆ ಲ್ಯಾಕ್ಟಿಕ್ ಆಮ್ಲವನ್ನೇ ಊಟ ಮಾಡಿಕೊಂಡು ಚೆನ್ನಾಗಿರುತ್ತದೆ, 2021ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದರು. (ಹಾಗಂತ ಕಾಫಿಗೆ ಸಕ್ಕರೆ ಬಿಟ್ಟರೆ ಗಡ್ಡೆಯ ಊಟ ನಿಲ್ಲುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನೀವು ಅನ್ನ ತಿಂದರೂ ರಾಗಿಮುದ್ದೆ ತಿಂದರೂ ರಕ್ತದಲ್ಲಿ ಸಕ್ಕರೆ ಇದ್ದೇ ಇರುತ್ತದೆ.)

ಇದನ್ನೆಲ್ಲ ಯಾರು ಕಂಡುಹಿಡಿದರು?

ಕಥೆ ಶುರುವಾಗುವುದು ಜಪಾನ್‌ನ ನಗೋಯಾದಲ್ಲಿ. 1969ರಲ್ಲಿ ಅಲ್ಲಿನ ಐಚಿ ಕ್ಯಾನ್ಸರ್ ಸೆಂಟರ್‌ನವರು ಹುಟ್ಟಿ ಮೂರು ದಿನವಾದ ಇಲಿಮರಿಗಳ ಥೈಮಸ್ ತೆಗೆದರು. ರೋಗನಿರೋಧಕ ಶಕ್ತಿ ಕುಗ್ಗಬೇಕಿತ್ತು, ಅಲ್ವಾ? ಹೆಣ್ಣಿಲಿಗಳ ಅಂಡಾಶಯಗಳೇ ಹಾಳಾಗಿ ಹೋದವು. ಮೈಯೇ ಮೈಯನ್ನು ತಿಂದಿತ್ತು. ಅಂದರೆ ಥೈಮಸ್‌ನಿಂದ ತಡೆಯುವ ಕೋಶಗಳೂ ಬರುತ್ತವೆ, ಮೂರನೇ ದಿನಕ್ಕೆ ಅವು ಇನ್ನೂ ಹೊರಟಿರಲಿಲ್ಲ.

ಅಮೆರಿಕದಲ್ಲಿ 1970ರ ಹೊತ್ತಿಗೆ ಇಂಥ ಕೋಶಗಳಿಗೆ "ಸಪ್ರೆಸರ್ ಟಿ ಕೋಶ" ಅಂತ ಹೆಸರಿಟ್ಟು ಬಹಳ ಕೆಲಸ ನಡೆಯಿತು. 1980ರ ದಶಕದಲ್ಲಿ ಆ ಸಿದ್ಧಾಂತದ ಕೆಲವು ಮುಖ್ಯ ಆಧಾರಗಳೇ ಬಿದ್ದುಹೋದವು. ಆಮೇಲೆ ಆ ಹೆಸರು ಎತ್ತುವುದಕ್ಕೇ ಜನ ನಾಚುವಂತಾಯಿತು. ಜಪಾನಿನ ವಿಜ್ಞಾನಿ ಶಿಮೊನ್ ಸಕಾಗುಚಿ ಮಾತ್ರ ಬಿಡಲಿಲ್ಲ. ಸುಮಾರು ಹತ್ತು ವರ್ಷ ಅದೇ ಕೋಶದ ಹಿಂದೆ ಬಿದ್ದು, 1995ರಲ್ಲಿ ಸಿಡಿ25 ಇರುವ ಸಿಡಿ4 ಕೋಶಗಳೇ ಅವು ಅಂತ ತೋರಿಸಿದರು. ಆ ಕೋಶಗಳನ್ನು ತೆಗೆದು ಉಳಿದವನ್ನು ಇಲಿಗೆ ಕೊಟ್ಟರೆ ಮೈಮೇಲೆ ದಾಳಿ, ವಾಪಸ್ ಸೇರಿಸಿದರೆ ಶಾಂತಿ.

ಇನ್ನೊಂದು ಎಳೆ ಅಮೆರಿಕದ ಓಕ್ ರಿಡ್ಜ್‌ನದು. 1940ರ ದಶಕದಲ್ಲಿ ವಿಕಿರಣದ ಪರಿಣಾಮ ನೋಡಲು ಸಾಕಿದ್ದ ಇಲಿಗಳಲ್ಲಿ ಕೆಲವು ಗಂಡುಮರಿಗಳು ಚರ್ಮ ಹೆಕ್ಕಳಿಕೆ ಎದ್ದು ಕೆಲವೇ ವಾರದಲ್ಲಿ ಸಾಯುತ್ತಿದ್ದವು. ಅವಕ್ಕೆ ಸ್ಕರ್ಫಿ ಅಂತ ಹೆಸರಿಟ್ಟರು. ಕಾರಣವಾದ ಜೀನ್ ಯಾವುದು ಅಂತ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಹುಡುಕಿದ್ದು ವಾಷಿಂಗ್ಟನ್ ರಾಜ್ಯದ ಒಂದು ಔಷಧ ಕಂಪನಿಯಲ್ಲಿ. ಎಕ್ಸ್ ಕ್ರೋಮೋಸೋಮ್‌ನಲ್ಲಿ ಅನುಮಾನ ಇದ್ದ ಜೀನ್‌ಗಳು 20. ಒಂದೊಂದಾಗಿ ನೋಡುತ್ತಾ ಹೋದರು. ಸಿಕ್ಕಿದ್ದು ಕೊನೆಯ ಇಪ್ಪತ್ತನೆಯದರಲ್ಲಿ! ಅದೇ ಫಾಕ್ಸ್‌ಪಿ3. ಐಪೆಕ್ಸ್ ಮಕ್ಕಳಲ್ಲೂ ಕೆಟ್ಟಿರುವುದು ಇದೇ ಜೀನ್ ಅಂತ 2001ರಲ್ಲಿ ಗೊತ್ತಾಯಿತು. ಟಿ-ರೆಗ್‌ಗಳನ್ನು ಟಿ-ರೆಗ್ ಮಾಡುವುದೇ ಈ ಜೀನ್ ಅಂತ 2003ರಲ್ಲಿ ಸಕಾಗುಚಿ ಮತ್ತು ಬೇರೆ ತಂಡಗಳು ಎರಡೂ ಎಳೆ ಗಂಟು ಹಾಕಿದವು.

ನೊಬೆಲ್ ಈ ಮೂವರಿಗೆ ಬಂತು. ಸುದ್ದಿ ಬಂದಾಗ ರಾಮ್ಸ್‌ಡೆಲ್ ಕಾಡುಮೇಡು ಸುತ್ತುತ್ತಿದ್ದರು, ಫೋನ್ ಏರೋಪ್ಲೇನ್ ಮೋಡ್‌ನಲ್ಲಿತ್ತು. ಹೆಂಡತಿಯ ಫೋನಿಗೆ ಸಿಗ್ನಲ್ ಸಿಕ್ಕಿ ಅವರು ಕಿರುಚಿದಾಗ, ಕರಡಿ ಬಂತು ಅಂದುಕೊಂಡರಂತೆ.

ಗಡ್ಡೆಯಲ್ಲಿ ಟಿ-ರೆಗ್ ಜಾಸ್ತಿ ಇದ್ದರೆ ಯಾವಾಗಲೂ ಕೆಟ್ಟದ್ದೇ?

ಬಹಳಷ್ಟು ಕ್ಯಾನ್ಸರ್‌ಗಳಲ್ಲಿ ಹೌದು. 2004ರಲ್ಲಿ ಅಂಡಾಶಯದ ಕ್ಯಾನ್ಸರ್ ಇದ್ದ 104 ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ, ಗಡ್ಡೆಯೊಳಗೆ ಟಿ-ರೆಗ್ ಜಾಸ್ತಿ ಇದ್ದವರು ಬದುಕಿದ್ದು ಕಡಿಮೆ ಕಾಲ. ಈ ವಿಷಯಕ್ಕೆ ಜನ ಕಿವಿಗೊಟ್ಟದ್ದೇ ಆಮೇಲೆ.

ಆದರೆ ದೊಡ್ಡ ಕರುಳಿನ ಕ್ಯಾನ್ಸರ್ ಬಂದಾಗ ಲೆಕ್ಕ ತಲೆಕೆಳಗು. ಫಾಕ್ಸ್‌ಪಿ3 ಇರುವ ಕೋಶ ಜಾಸ್ತಿ ಇದ್ದವರೇ ಚೆನ್ನಾಗಿದ್ದರು ಅಂತ ಹಲವು ಅಧ್ಯಯನಗಳು ಹೇಳಿದವು. ಇದೇನಪ್ಪಾ ಅಂತ ಎಲ್ಲರಿಗೂ ಗೊಂದಲ. 2016ರಲ್ಲಿ ಸಕಾಗುಚಿಯವರ ತಂಡ ಇದನ್ನು ಬಿಡಿಸಿತು: ಮನುಷ್ಯರಲ್ಲಿ ಸಾಮಾನ್ಯ ಟಿ ಕೋಶಗಳೂ ಕೆರಳಿದಾಗ ಒಂದಿಷ್ಟು ಫಾಕ್ಸ್‌ಪಿ3 ತೋರಿಸುತ್ತವೆ. ಕೆಲವರ ಕರುಳಿನ ಗಡ್ಡೆಯಲ್ಲಿ ಬ್ಯಾಕ್ಟೀರಿಯಾ ಹೊಕ್ಕು ಉರಿಯೂತ ಇರುತ್ತದೆ, ಅಲ್ಲಿ ಸೇರಿದ ಫಾಕ್ಸ್‌ಪಿ3 ಕೋಶಗಳಲ್ಲಿ ಎಷ್ಟೋ ಕೋಶಗಳು ತಡೆಯುವ ಕೆಲಸವನ್ನೇ ಮಾಡುತ್ತಿರಲಿಲ್ಲ. ಅಂಗಿ ಒಂದೇ, ಆಳು ಬೇರೆ. ಬರೀ ಅಂಗಿ ಎಣಿಸಿದರೆ ಹೀಗೇ ಆಗುವುದು.

ಹಾಗಾದರೆ ಎಲ್ಲಾ ಟಿ-ರೆಗ್ ತೆಗೆದುಹಾಕಿದರೆ ಆಯಿತಲ್ಲ?

ಇಲಿಗಳಲ್ಲಿ ಮಾಡಿ ನೋಡಿದ್ದಾರೆ. 1999ರಲ್ಲಿ ಸಿಡಿ25 ಇರುವ ಕೋಶಗಳನ್ನು ತೆಗೆದಾಗ ಇಲಿಗಳು ಗಡ್ಡೆಗಳನ್ನು ತಾವೇ ಕರಗಿಸಿಕೊಂಡವು. ಒಳ್ಳೆಯದೇ. ಆದರೆ ಟಿ-ರೆಗ್ ಪೂರ್ತಿ ಇಲ್ಲವಾದರೆ ಐಪೆಕ್ಸ್ ಮಗುವಿಗೆ ಆದದ್ದೇ ದೊಡ್ಡವರಿಗೂ ಆಗುತ್ತದೆ. ಜೊತೆಗೆ ಕೆರಳಿದ ಒಳ್ಳೆಯ ಟಿ ಕೋಶಗಳ ಮೇಲೂ ಸಿಡಿ25 ಇರುತ್ತದೆ, ಹಾಗಾಗಿ ಅದನ್ನೇ ಗುರಿ ಇಟ್ಟು ಹೊಡೆದರೆ ನಮ್ಮ ಸೈನಿಕರೂ ಬೀಳುತ್ತಾರೆ.

ಜಪಾನ್‌ನಲ್ಲಿ 2012ರಲ್ಲಿ ಒಪ್ಪಿಗೆ ಸಿಕ್ಕ ಮೊಗಮುಲಿಜುಮಾಬ್ ಅನ್ನುವ ಔಷಧಿಯಿಂದ ಒಂದು ಪಾಠ ಸಿಕ್ಕಿದೆ. ಅದು ಒಂದು ಬಗೆಯ ಟಿ ಕೋಶದ ರಕ್ತ ಕ್ಯಾನ್ಸರ್‌ಗೆ ಕೊಡುವ ಔಷಧಿ, ಆದರೆ ಜೊತೆಗೆ ಟಿ-ರೆಗ್‌ಗಳನ್ನೂ ಕೊಲ್ಲುತ್ತದೆ. ಇದನ್ನು ತೆಗೆದುಕೊಂಡ ಸ್ವಲ್ಪ ದಿನಕ್ಕೇ ಬೇರೆಯವರ ಮೂಳೆಮಜ್ಜೆ ಕಸಿ ಮಾಡಿಸಿಕೊಂಡವರಲ್ಲಿ, ಕಸಿಯ ಕೋಶಗಳು ರೋಗಿಯ ದೇಹವನ್ನೇ ಹೊಡೆಯುವ ತೊಂದರೆ ಜೋರಾಗಿ ಕಂಡಿತು.

ಅದಕ್ಕೇ ಈಗ ಎಲ್ಲರ ಕಣ್ಣು ಗಡ್ಡೆಯೊಳಗಿನ ಟಿ-ರೆಗ್‌ಗಳ ಮೇಲೆ ಮಾತ್ರ. ಸಿಸಿಆರ್8 ಅನ್ನುವ ಪ್ರೋಟೀನು ಗಡ್ಡೆಯಲ್ಲಿರುವ ಟಿ-ರೆಗ್ ಮೇಲೆ ಜಾಸ್ತಿ, ರಕ್ತದಲ್ಲಿ ಓಡಾಡುವವುಗಳ ಮೇಲೆ ಕಡಿಮೆ ಅಂತ 2016ರಲ್ಲಿ ಗೊತ್ತಾಯಿತು. ಅದನ್ನು ಗುರಿ ಇಟ್ಟ ಔಷಧಿಗಳನ್ನು ಹಲವು ಕಂಪನಿಗಳು ರೋಗಿಗಳಲ್ಲಿ ಪರೀಕ್ಷೆ ಮಾಡುತ್ತಿವೆ. ನನ್ನ ಲೆಕ್ಕದಲ್ಲಿ ಸರಿಯಾದ ದಾರಿ ಇದೇ. ಊರಿನ ಹಿರಿಯರನ್ನೆಲ್ಲ ಓಡಿಸುವುದು ಬೇಡ, ಕಳ್ಳನ ಮುಂದೆ ನಿಂತವರನ್ನು ಪಕ್ಕಕ್ಕೆ ಸರಿಸಿದರೆ ಸಾಕು.

ಈಗ ಆಸ್ಪತ್ರೆಯಲ್ಲಿ ಕೊಡುವ ಇಮ್ಯುನೊಥೆರಪಿಗೂ ಇದಕ್ಕೂ ಏನು ಸಂಬಂಧ?

ಇಮ್ಯುನೊಥೆರಪಿ ಅಂದರೆ ನಮ್ಮದೇ ರೋಗನಿರೋಧಕ ಕೋಶಗಳನ್ನು ಕ್ಯಾನ್ಸರ್ ಮೇಲೆ ಬಿಡುವ ಚಿಕಿತ್ಸೆ. ಸಿಟಿಎಲ್ಎ-4 ಅನ್ನುವ ಕೈ ನೆನಪಿದೆಯಲ್ಲ? ಆ ಕೈಯನ್ನು ಹಿಡಿದು ನಿಲ್ಲಿಸುವ ಔಷಧಿ ಇಪಿಲಿಮುಮಾಬ್. ಮೆಲನೋಮ ಅನ್ನುವ ಚರ್ಮದ ಕ್ಯಾನ್ಸರ್‌ಗೆ ಅಮೆರಿಕದಲ್ಲಿ 2011ರಲ್ಲಿ ಒಪ್ಪಿಗೆ ಸಿಕ್ಕಿತು. ಇದರ ಹಿಂದಿನ ಕೆಲಸಕ್ಕೆ ಜೇಮ್ಸ್ ಆಲಿಸನ್ ಅವರಿಗೆ, ಪಿಡಿ-1 ಅನ್ನುವ ಇನ್ನೊಂದು ಬ್ರೇಕ್ ಕಂಡುಹಿಡಿದ ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು. ಇಲಿಗಳಲ್ಲಿ ಸಿಟಿಎಲ್ಎ-4 ತಡೆಯುವ ಔಷಧಿ ಗಡ್ಡೆಯೊಳಗಿನ ಟಿ-ರೆಗ್‌ಗಳನ್ನೇ ಕೊಲ್ಲುತ್ತದೆ. ಮನುಷ್ಯರಲ್ಲೂ ಹಾಗೇನಾ ಅನ್ನುವ ಜಗಳ ಇನ್ನೂ ಮುಗಿದಿಲ್ಲ.

ಇಪಿಲಿಮುಮಾಬ್ ಜೊತೆಗೆ ಪಿಡಿ-1 ತಡೆಯುವ ನಿವೊಲುಮಾಬ್ ಸೇರಿಸಿ ಕೊಟ್ಟ ದೊಡ್ಡ ಪರೀಕ್ಷೆಯಲ್ಲಿ, ಮುಂದುವರಿದ ಮೆಲನೋಮ ಇದ್ದವರಲ್ಲಿ ನೂರಕ್ಕೆ 43 ಜನ ಹತ್ತು ವರ್ಷವಾದರೂ ಬದುಕಿದ್ದರು. ಹಿಂದೆ ಇದೇ ಕಾಯಿಲೆಗೆ ತಿಂಗಳ ಲೆಕ್ಕ ಹೇಳುತ್ತಿದ್ದರು. ಆದರೆ ಅರ್ಧಕ್ಕಿಂತ ಜಾಸ್ತಿ ಜನರಿಗೆ ಜೋರಾದ ಅಡ್ಡಪರಿಣಾಮ ಆಯಿತು. ಬ್ರೇಕ್ ಬಿಟ್ಟರೆ ಗಾಡಿ ಎಲ್ಲ ಕಡೆಗೂ ಓಡುತ್ತದೆ, ಬರೀ ಗಡ್ಡೆಯ ಕಡೆಗಲ್ಲ.

ಪಿಡಿ-1 ಔಷಧಿಯಿಂದ ಕ್ಯಾನ್ಸರ್ ಜಾಸ್ತಿಯಾಗಬಹುದು ಅಂತ ಓದಿದೆ, ನಿಜವಾ?

ಕೆಲವರಲ್ಲಿ ಆಗಬಹುದು. ಪಿಡಿ-1 ಬ್ರೇಕ್ ಕೊಲ್ಲುವ ಟಿ ಕೋಶಗಳಿಗೂ ಇದೆ, ಟಿ-ರೆಗ್‌ಗೂ ಇದೆ. ಯಾರ ಬ್ರೇಕ್ ಬಿಟ್ಟಿತು ಅನ್ನುವುದರ ಮೇಲೆ ಫಲಿತಾಂಶ. ಜಪಾನ್‌ನಲ್ಲಿ ಹೊಟ್ಟೆ ಕ್ಯಾನ್ಸರ್ ರೋಗಿಗಳ ಒಂದು ಸಣ್ಣ ಅಧ್ಯಯನದಲ್ಲಿ, 2019ರದ್ದು, ಸುಮಾರು ಹತ್ತರಲ್ಲಿ ಒಬ್ಬರಿಗೆ ಔಷಧಿ ಶುರುವಾದ ಮೇಲೆ ಗಡ್ಡೆ ಇದ್ದಕ್ಕಿದ್ದಂತೆ ಬೆಳೆಯಿತು. ಅವರ ಗಡ್ಡೆಯಲ್ಲಿ ಟಿ-ರೆಗ್‌ಗಳು ಹೆಚ್ಚಿಕೊಂಡಿದ್ದವು. ಇದನ್ನು ಓದಿ ಹೆದರಿ ಚಿಕಿತ್ಸೆ ಬಿಡಬೇಡಿ. ಔಷಧಿ ಶುರುವಾದ ಮೇಲೆ ಸ್ಕ್ಯಾನ್ ತಪ್ಪಿಸಬೇಡಿ, ಅಷ್ಟೇ.

ನಮ್ಮ ಕಡೆ ಇದೆಲ್ಲ ಸಿಗುತ್ತದಾ? ಕೈಗೆಟುಕುತ್ತದಾ?

ನಿವೊಲುಮಾಬ್ ತರಹದ ಔಷಧಿಗಳು ಬೆಂಗಳೂರಿನಲ್ಲೂ ಸಿಗುತ್ತವೆ. ದುಡ್ಡಿನ ಪ್ರಶ್ನೆಯೇ ದೊಡ್ಡದು. ನಮ್ಮಲ್ಲಿ ಹೊಗೆಸೊಪ್ಪು, ಗುಟ್ಕಾ, ಅಡಿಕೆಯಿಂದ ಬಾಯಿ ಕ್ಯಾನ್ಸರ್ ಜಾಸ್ತಿ, ಬರುವವರಲ್ಲಿ ಬಡವರೂ ಜಾಸ್ತಿ. ಅದಕ್ಕೇ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಒಂದು ಧೈರ್ಯದ ಕೆಲಸ ಮಾಡಿದರು. ತಲೆ-ಕುತ್ತಿಗೆ ಭಾಗದ ಮುಂದುವರಿದ ಕ್ಯಾನ್ಸರ್‌ಗೆ ಮಾಮೂಲಿ ಡೋಸಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ, ಮೂರು ವಾರಕ್ಕೆ ಬರೀ 20 ಮಿಲಿಗ್ರಾಂ ನಿವೊಲುಮಾಬನ್ನು ಅಗ್ಗದ ಮಾತ್ರೆಗಳ ಜೊತೆ ಕೊಟ್ಟರು. ಬರೀ ಮಾತ್ರೆ ತೆಗೆದುಕೊಂಡವರಲ್ಲಿ ಒಂದು ವರ್ಷ ದಾಟಿದವರು ನೂರಕ್ಕೆ 16.3, ನಿವೊಲುಮಾಬ್ ಸೇರಿದವರಲ್ಲಿ 43.4. ಫಲಿತಾಂಶ ಪ್ರಕಟವಾದದ್ದು 2022ರಲ್ಲಿ. ದುಬಾರಿ ಡೋಸೇ ಬೇಕು ಅನ್ನುವವರ ಮುಂದೆ ಇಡಬಹುದಾದ ಅಂಕಿ ಇದು.

ಇನ್ನೊಂದು ಸೈಕ್ಲೋಫಾಸ್ಫಮೈಡ್. ಹಳೇ ಕೀಮೋ ಔಷಧಿ, ಅಗ್ಗ. ದಿನಾ ಸಣ್ಣ ಡೋಸಿನಲ್ಲಿ ಕೊಟ್ಟರೆ ಉಳಿದ ಟಿ ಕೋಶಗಳಿಗಿಂತ ಟಿ-ರೆಗ್‌ಗಳಿಗೇ ಜಾಸ್ತಿ ಏಟು ಬೀಳುತ್ತದೆ ಅಂತ 2007ರಲ್ಲಿ ತೋರಿಸಿದರು.

ರೋಗಿಯ ಟಿ ಕೋಶಗಳನ್ನೇ ತೆಗೆದು, ಬದಲಾಯಿಸಿ ವಾಪಸ್ ಕೊಡುವ ಕಾರ್-ಟಿ ಚಿಕಿತ್ಸೆಯಲ್ಲೂ ಇದೇ ವಿಚಾರ ಬರುತ್ತದೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ನೆಕ್ಸ್‌ಕಾರ್19ಗೆ 2023ರಲ್ಲಿ ಒಪ್ಪಿಗೆ ಸಿಕ್ಕಿತು, ಕೆಲವು ರಕ್ತ ಕ್ಯಾನ್ಸರ್‌ಗಳಿಗೆ. ಕಾರ್-ಟಿ ಕೋಶ ಕೊಡುವ ಮೊದಲು ಕೀಮೋ ಕೊಟ್ಟು ಇರುವ ಟಿ ಕೋಶಗಳನ್ನು, ಟಿ-ರೆಗ್ ಸೇರಿ, ತಗ್ಗಿಸುತ್ತಾರೆ. ನಾಟಿಗೆ ಮೊದಲು ಗದ್ದೆಯ ಕಳೆ ತೆಗೆದ ಹಾಗೆ. ಕೊಟ್ಟ ಕಾರ್-ಟಿ ಕೋಶಗಳಲ್ಲೇ ಟಿ-ರೆಗ್ ಗುಣದವು ಹೆಚ್ಚಿಕೊಂಡರೆ ಚಿಕಿತ್ಸೆ ಅಷ್ಟು ಫಲ ಕೊಡುವುದಿಲ್ಲ ಅಂತ 2022ರ ಒಂದು ಅಧ್ಯಯನ ಹೇಳಿದೆ.

ರಕ್ತ ಪರೀಕ್ಷೆ ಮಾಡಿಸಿ ಟಿ-ರೆಗ್ ಎಷ್ಟಿದೆ ನೋಡಬಹುದಾ?

ಸುಮ್ನೆ ದುಡ್ಡು ದಂಡ. ರಕ್ತದಲ್ಲಿ ಇರುವುದಕ್ಕೂ ಗಡ್ಡೆಯೊಳಗೆ ಇರುವುದಕ್ಕೂ ತಾಳೆ ಇರಬೇಕೆಂದಿಲ್ಲ, ಮೇಲಾಗಿ ಆ ಅಂಕಿ ನೋಡಿ ಡಾಕ್ಟರು ಚಿಕಿತ್ಸೆ ಬದಲಿಸುವ ಪದ್ಧತಿ ಇಲ್ಲ.

ಅಮೃತಬಳ್ಳಿ ಕಷಾಯ, ಇಮ್ಯುನಿಟಿ ಪುಡಿ ತೆಗೆದುಕೊಂಡರೆ?

ಈ ಪ್ರಶ್ನೆ ಬರದ ದಿನವೇ ಇಲ್ಲ. ಮೇಲೆ ಓದಿದ್ದನ್ನು ಒಮ್ಮೆ ನೆನಪಿಸಿಕೊಳ್ಳಿ. ಇಮ್ಯುನಿಟಿ ಅನ್ನುವುದು ಟ್ಯಾಂಕಿನಲ್ಲಿರುವ ನೀರಲ್ಲ, ಜಾಸ್ತಿ ತುಂಬಿಸಿಕೊಳ್ಳೋಣ ಅನ್ನುವುದಕ್ಕೆ. ಕೊಲ್ಲುವ ಕೋಶವೂ ಇಮ್ಯುನಿಟಿಯೇ, ತಡೆಯುವ ಟಿ-ರೆಗ್ ಕೂಡ ಇಮ್ಯುನಿಟಿಯೇ. ಪುಡಿ ಯಾವುದನ್ನು ಜಾಸ್ತಿ ಮಾಡುತ್ತದೆ ಅಂತ ಡಬ್ಬಿ ಮೇಲೆ ಬರೆದಿದೆಯಾ? ಅಮೃತಬಳ್ಳಿಯಿಂದ ಲಿವರ್ ಕೆಟ್ಟ ವರದಿಗಳು ನಮ್ಮ ದೇಶದ ಆಸ್ಪತ್ರೆಗಳಿಂದಲೇ ಬಂದಿವೆ. ಕೀಮೋ, ಇಮ್ಯುನೊಥೆರಪಿ ಎರಡಕ್ಕೂ ಲಿವರ್ ಚೆನ್ನಾಗಿರಬೇಕು. ಈಗಾಗಲೇ ಕುಡಿಯುತ್ತಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಬೈದರೆ ಬೈಯಲಿ.

ನನಗೆ ಥೈರಾಯ್ಡ್, ಸಂಧಿವಾತ ಇದೆ. ಇಮ್ಯುನಿಟಿ ಜೋರಾಗಿರುವುದರಿಂದ ಕ್ಯಾನ್ಸರ್ ಬರುವುದಿಲ್ಲ ಅಲ್ವಾ?

ಹಾಗೇನಿಲ್ಲ. ಮೈಮೇಲೆ ದಾಳಿ ಮಾಡುವ ಕಾಯಿಲೆ ಇದ್ದವರಿಗೂ ಕ್ಯಾನ್ಸರ್ ಬರುತ್ತದೆ, ವರ್ಷಗಟ್ಟಲೆ ಉರಿಯೂತ ಇದ್ದರೆ ಕೆಲವು ಕ್ಯಾನ್ಸರ್‌ಗಳ ಸಾಧ್ಯತೆ ಜಾಸ್ತಿಯೇ. ಇಂಥವರಿಗೆ ಇಮ್ಯುನೊಥೆರಪಿ ಕೊಡಲೇಬಾರದು ಅಂತಲೂ ಇಲ್ಲ, ಆದರೆ ಹಳೇ ಕಾಯಿಲೆ ಕೆರಳಬಹುದು. ಮೊದಲ ಭೇಟಿಯಲ್ಲೇ ಹೇಳಿ.

ಇಮ್ಯುನೊಥೆರಪಿ ಶುರು ಮಾಡುವ ಮೊದಲು ಡಾಕ್ಟರನ್ನು ಏನು ಕೇಳಬೇಕು?

ಗಡ್ಡೆಯ ತುಣುಕಿನ ಮೇಲೆ ಯಾವ ಪರೀಕ್ಷೆ ಮಾಡಿದ್ದೀರಿ, ಅದರಲ್ಲಿ ಈ ಔಷಧಿ ಹಿಡಿಯುತ್ತದೆ ಅನ್ನುವ ಸೂಚನೆ ಇದೆಯಾ ಅಂತ ಕೇಳಿ. ಎಷ್ಟು ದಿನ ಕೊಟ್ಟು ನೋಡುತ್ತೀರಿ, ಮೊದಲ ಸ್ಕ್ಯಾನ್ ಯಾವಾಗ, ಕಡಿಮೆ ಡೋಸಿನ ದಾರಿ ನಮ್ಮವರಿಗೆ ಹೊಂದುತ್ತದಾ, ಅಡ್ಡಪರಿಣಾಮ ಆದರೆ ಅದರ ಖರ್ಚು ಎಷ್ಟು ಅಂತಲೂ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ, ಚೀಟಿಯಲ್ಲಿ ಬರೆದುಕೊಂಡೇ ಹೋಗಿ.

ಇನ್ನೊಂದು. ದಿನಕ್ಕೆ ನಾಲ್ಕೈದು ಸಲ ಭೇದಿ, ಕಾರಣವಿಲ್ಲದ ದಮ್ಮು, ಕಣ್ಣು ಹಳದಿಯಾಗುವುದು, ಮೈತುಂಬ ಗಂಧೆ, ತಡೆಯಲಾಗದ ಸುಸ್ತು, ಬಿಡದ ತಲೆನೋವು, ಇವು ಸಡಿಲವಾದ ಬ್ರೇಕಿನ ಲಕ್ಷಣ ಆಗಿರಬಹುದು. ಔಷಧಿ ನಿಲ್ಲಿಸಿ ತಿಂಗಳುಗಳಾದ ಮೇಲೂ ಬರಬಹುದು. ಭೇದಿಗೆ ಅಂತ ಅಂಗಡಿಯಿಂದ ಮಾತ್ರೆ ತಂದು ನುಂಗಿ ಕೂರಬೇಡಿ. ಬೇಗ ಸ್ಟೀರಾಯ್ಡ್ ಶುರು ಮಾಡಿದರೆ ಬಹಳಷ್ಟು ಸಲ ಹತೋಟಿಗೆ ಬರುತ್ತದೆ. ಬೇರೆ ಯಾವ ಆಸ್ಪತ್ರೆಗೆ ಹೋದರೂ ಇಮ್ಯುನೊಥೆರಪಿ ಆಗಿದೆ ಅಂತ ಬಾಗಿಲಲ್ಲೇ ಹೇಳಿ, ಇಲ್ಲದಿದ್ದರೆ ಅಲ್ಲಿನವರು ಮಾಮೂಲಿ ಹೊಟ್ಟೆ ಕೆಟ್ಟಿದೆ ಅಂದುಕೊಳ್ಳುತ್ತಾರೆ. ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡಬೇಕು ಅಂತ ಮೊದಲೇ ಕೇಳಿ, ಆ ನಂಬರನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ.